ಎಣ್ಣೆಗೆ ಬಗ್ಗುವ ಹೊಟ್ಟೆ, ಬಗ್ಗದ ಸೊಂಟ

ಯಾವ ಮೆಡಿಕಲ್ ಶಾಪಿಗೆ ಹೋದರೂ ಈ ಕಪಾಟು ಇದ್ದೇ ಇರುತ್ತದೆ. ಓಮ್ ವಾಟರ್, ಗ್ರೈಪ್ ವಾಟರ್, ನೀಲಗಿರಿ ಎಣ್ಣೆ, ನಾಲ್ಕಾರು ಬಗೆಯ ಬಾಮು, ರೋಲ್-ಆನ್, ನೋವಿನ ಸ್ಪ್ರೇ. ಈಚೆಗೆ ಅದರ ಪಕ್ಕದಲ್ಲಿ ಇನ್ನೊಂದು ಸಾಲು ಸೇರಿಕೊಂಡಿದೆ. ಲ್ಯಾವೆಂಡರ್, ಪೆಪ್ಪರ್‌ಮಿಂಟ್, ರೋಸ್‌ಮರಿ ಅಂತ ಚೀಟಿ ಅಂಟಿಸಿದ ಕಂದು ಗಾಜಿನ ಪುಟ್ಟ ಬಾಟಲಿಗಳು. ಆನ್‌ಲೈನ್‌ನಲ್ಲಂತೂ ಇವುಗಳದ್ದೇ ಕಾರುಬಾರು. ಎಲ್ಲದರ ಮೇಲೂ ಹೆಚ್ಚುಕಡಿಮೆ ಒಂದೇ ಭರವಸೆ: ಬಿಗಿದ ಸ್ನಾಯು ಸಡಿಲವಾಗುತ್ತದೆ, ಸೆಳೆತ ಹೋಗುತ್ತದೆ.

ಇದರಲ್ಲಿ ಎಷ್ಟು ನಿಜ? ನನಗೆ ಕಂಡಂತೆ, ಜಾಹೀರಾತು ಜೋರಾಗಿರುವ ಕಡೆ ಪುರಾವೆ ತೆಳು. ಅಡುಗೆಮನೆಯಲ್ಲಿ ಯಾರೂ ಸದ್ದು ಮಾಡದೆ ನಡೆಸಿಕೊಂಡು ಬಂದ ಮದ್ದಿಗೆ ಪುರಾವೆ ಜಾಸ್ತಿ. ಹೊಟ್ಟೆ ನುಲಿದಾಗ ಓಂಕಾಳು ಅಗಿಯುವುದರ ಹಿಂದೆ ಗಟ್ಟಿ ವಿಜ್ಞಾನವಿದೆ. ಸೊಂಟ ಹಿಡಿದಾಗ ಎಣ್ಣೆ ತಿಕ್ಕಿದರೆ ಸ್ನಾಯು ಸಡಿಲವಾಗುತ್ತದೆ ಎಂಬ ಮಾತಿಗೆ ಅಷ್ಟು ಬಲವಿಲ್ಲ. ಸುಖ ಅನ್ನಿಸುವುದು ನಿಜ, ಆದರೆ ಕಾರಣ ಬೇರೆ.

ಸ್ನಾಯುಗಳಲ್ಲಿ ಮೂರು ಬಗೆ ಎಂದು ಶಾಲೆಯಲ್ಲಿ ಓದಿದ್ದೇವೆ, ಅಲ್ವಾ? ಕೈ, ಕಾಲು, ಕತ್ತು, ಸೊಂಟದ್ದು ನಮ್ಮ ಮಾತು ಕೇಳುವ ಐಚ್ಛಿಕ ಸ್ನಾಯು. ಕರುಳು, ಗರ್ಭಕೋಶ, ಶ್ವಾಸನಾಳ, ರಕ್ತನಾಳದ ಗೋಡೆಯಲ್ಲಿರುವುದು ತನ್ನ ಪಾಡಿಗೆ ತಾನು ಕೆಲಸ ಮಾಡುವ ಅನೈಚ್ಛಿಕ ಸ್ನಾಯು. ಮೂರನೆಯದು ಹೃದಯದ್ದು, ಅದರ ಸುದ್ದಿ ಇಲ್ಲಿ ಬೇಡ. ಯಾವ ಸ್ನಾಯು ಬಿಗಿಯಬೇಕಾದರೂ ಕ್ಯಾಲ್ಸಿಯಂ ಬೇಕು. ಆ ಕ್ಯಾಲ್ಸಿಯಂ ಎಲ್ಲಿಂದ ಬರುತ್ತದೆ ಎಂಬಲ್ಲೇ ವ್ಯತ್ಯಾಸ.

ಕರುಳಿನ ಸ್ನಾಯು ಗೋಡೌನ್ ಇಲ್ಲದ ಸಣ್ಣ ಅಂಗಡಿ. ಬೇಕಾದ ಸರಕಿನಲ್ಲಿ ಬಹುಪಾಲು ಆಗಿಂದಾಗ್ಗೆ ಹೊರಗಿನಿಂದಲೇ ಬರಬೇಕು. ಜೀವಕೋಶದ ಹೊರಪೊರೆಯಲ್ಲಿ ಅದಕ್ಕೆಂದೇ ಬಾಗಿಲುಗಳಿವೆ. ಅವುಗಳಲ್ಲಿ ಮುಖ್ಯವಾದವನ್ನು ಎಲ್-ಟೈಪ್ ಕ್ಯಾಲ್ಸಿಯಂ ಚಾನೆಲ್ ಎನ್ನುತ್ತಾರೆ. ಬಾಗಿಲು ಮುಚ್ಚಿದರೆ ವ್ಯಾಪಾರ ನಿಂತಿತು, ಸ್ನಾಯು ಸಡಿಲ. ಸೊಂಟದ ಸ್ನಾಯು ಹಾಗಲ್ಲ. ಅದರ ಒಳಗೇ ದೊಡ್ಡ ಗೋಡೌನ್ ಇದೆ, ಕ್ಯಾಲ್ಸಿಯಂ ಅಲ್ಲೇ ತುಂಬಿರುತ್ತದೆ. ನರದಿಂದ ಸೂಚನೆ ಬಂದರೆ ಸಾಕು, ಒಳಗಿನ ಸರಕೇ ಹೊರಬರುತ್ತದೆ. ಮುಂಬಾಗಿಲು ಮುಚ್ಚಿದ್ದರೂ ಅದಕ್ಕೆ ಅಷ್ಟೇನೂ ಕೊರತೆಯಿಲ್ಲ.

ಇದಕ್ಕೆ ಸಾಕ್ಷಿ ನಮ್ಮ ಮನೆಗಳಲ್ಲೇ ಇದೆ. ಬಿಪಿಗೆ ಅಮ್ಲೋಡಿಪಿನ್ ತೆಗೆದುಕೊಳ್ಳುವ ಹಿರಿಯರು ಇಲ್ಲದ ಮನೆ ಕಡಿಮೆ. ಆ ಮಾತ್ರೆ ಮುಚ್ಚುವುದು ಇದೇ ಬಾಗಿಲನ್ನು. ರಕ್ತನಾಳದ ಗೋಡೆ ಸಡಿಲವಾಗಿ ಬಿಪಿ ಇಳಿಯುತ್ತದೆ. ಹಾಗೆಂದು ಮಾತ್ರೆ ನುಂಗಿದವರ ಕೈಕಾಲಿನ ಶಕ್ತಿ ಉಡುಗುವುದಿಲ್ಲ. ಮೆಟ್ಟಿಲು ಹತ್ತುತ್ತಾರೆ, ಕೊಡ ಎತ್ತುತ್ತಾರೆ. ಸೊಂಟದ ಸ್ನಾಯುವಿಗೆ ಆ ಬಾಗಿಲಿನ ಹಂಗಿಲ್ಲ.

ಪುದೀನ ಜಾತಿಯ ಪೆಪ್ಪರ್‌ಮಿಂಟ್ ಎಣ್ಣೆ ಮಾಡುವ ಕೆಲಸವೂ ಇದೇ. 1991ರಲ್ಲಿ ಹಿಲ್ಸ್ ಮತ್ತು ಆರನ್‌ಸನ್ ಎಂಬ ಸಂಶೋಧಕರು ಗಿನಿಪಿಗ್ ಮತ್ತು ಮೊಲದ ಕರುಳಿನ ಸ್ನಾಯುವಿನ ಮೇಲೆ ಈ ಎಣ್ಣೆಯನ್ನು ಪರೀಕ್ಷಿಸಿದರು. ಕ್ಯಾಲ್ಸಿಯಂ ಒಳಬರುವುದು ಕಡಿಮೆಯಾಗಿ ಕರುಳು ಸಡಿಲವಾಯಿತು. ಎಣ್ಣೆಯ ಮುಖ್ಯ ಅಂಶವಾದ ಮೆಂಥಾಲ್‌ದೂ ಅದೇ ಗುಣ. ನಮ್ಮ ಓಂಕಾಳಿನ ಮೇಲೆ ಕರಾಚಿಯ ಆಗಾ ಖಾನ್ ವಿಶ್ವವಿದ್ಯಾಲಯದ ಅನ್ವರುಲ್ ಹಸನ್ ಗಿಲಾನಿ ಅವರ ತಂಡ ಕೆಲಸ ಮಾಡಿದೆ. 2005ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಓಂಕಾಳಿನ ಸಾರ ಮೊಲದ ಕರುಳನ್ನು ಸಡಿಲಿಸಿದ್ದೂ ಕ್ಯಾಲ್ಸಿಯಂ ಬಾಗಿಲು ಮುಚ್ಚುವ ಮೂಲಕವೇ. ಮೊಲದ ಕರುಳು ಮನುಷ್ಯನ ಕರುಳಲ್ಲ, ಒಪ್ಪಿದೆ. ಓಂಕಾಳಿನ ಮೇಲೆ ಮನುಷ್ಯರಲ್ಲಿ ನಡೆದ ಪ್ರಯೋಗಗಳು ಕಡಿಮೆ. ಆದರೆ ಪೆಪ್ಪರ್‌ಮಿಂಟ್ ವಿಷಯದಲ್ಲಿ ಆ ಕೊರತೆಯಿಲ್ಲ.

ದೊಡ್ಡ ಕರುಳಿನೊಳಗೆ ಟ್ಯೂಬ್ ಹಾಕಿ ನೋಡುವ ಕೊಲೊನೋಸ್ಕೋಪಿ ಮಾಡುವಾಗ ಕರುಳು ಸೆಟೆದುಕೊಂಡರೆ ಟ್ಯೂಬ್ ಮುಂದೆ ಹೋಗುವುದಿಲ್ಲ. 1982ರಲ್ಲಿ ಬ್ರಿಟನ್‌ನ ಲೆಸ್ಟರ್ ಮತ್ತು ಹಂಟ್ ಎಂಬ ವೈದ್ಯರು ಟ್ಯೂಬಿನ ಮೂಲಕ ಪೆಪ್ಪರ್‌ಮಿಂಟ್ ಎಣ್ಣೆಯನ್ನು ಕರುಳಿಗೇ ಬಿಟ್ಟು, ಸೆಳೆತ ಇಳಿಯುವುದನ್ನು ವರದಿ ಮಾಡಿದರು. ಜಪಾನಿನಲ್ಲಿ ಎಂಡೋಸ್ಕೋಪಿ ವೇಳೆ ಜಠರದೊಳಗೆ ಸಿಂಪಡಿಸಲೆಂದೇ ಮೆಂಥಾಲ್ ಔಷಧಿ ಇದೆ. ಸ್ನಾಯು ಸಡಿಲವಾಗುವುದನ್ನು ಡಾಕ್ಟರು ಪರದೆಯ ಮೇಲೆ ಕಣ್ಣಾರೆ ನೋಡಬಹುದಾದ ಅಪರೂಪದ ಸಂದರ್ಭ ಇದು. ಬಾಮಿನ ಜಾಹೀರಾತಿನಲ್ಲಿ ಕೆಂಪಗೆ ಮಿನುಗಿ ನೀಲಿಯಾಗುವ ಬೆನ್ನಿನ ಚಿತ್ರಕ್ಕೂ ಇದಕ್ಕೂ ತುಂಬಾ ಅಂತರವಿದೆ.

ಐಬಿಎಸ್ (ಇರಿಟಬಲ್ ಬವೆಲ್ ಸಿಂಡ್ರೋಮ್) ಎಂಬ ಕಾಯಿಲೆ ಅನೇಕರಿಗೆ ಗೊತ್ತು. ಪದೇಪದೇ ಹೊಟ್ಟೆ ಮುರಿತ, ಉಬ್ಬರ, ಒಮ್ಮೆ ಭೇದಿ, ಒಮ್ಮೆ ಮಲಬದ್ಧತೆ, ಸ್ಕ್ಯಾನ್ ಮಾಡಿಸಿದರೆ ಮಾತ್ರ ಎಲ್ಲ ನಾರ್ಮಲ್. ಇವರಿಗೆ ಪೆಪ್ಪರ್‌ಮಿಂಟ್ ಎಣ್ಣೆಯ ಕ್ಯಾಪ್ಸೂಲ್ ಕೊಟ್ಟು ನೋಡಿದ ಪ್ರಯೋಗಗಳು 1970ರ ದಶಕದಿಂದಲೂ ನಡೆದಿವೆ. 2022ರ ಒಂದು ವಿಶ್ಲೇಷಣೆ 10 ಪ್ರಯೋಗಗಳ 1,030 ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿತು. ನಾಲ್ಕು ಜನಕ್ಕೆ ಕೊಟ್ಟರೆ, ಮದ್ದೇ ಇಲ್ಲದ ಸುಳ್ಳು ಕ್ಯಾಪ್ಸೂಲಿನಿಂದ ಆಗದ ಲಾಭ ಒಬ್ಬರಿಗೆ ಆಗುತ್ತದೆ ಎಂಬುದು ಅದರ ಲೆಕ್ಕ. ಬರೀ ಹೊಟ್ಟೆನೋವನ್ನೇ ನೋಡಿದರೆ ಏಳು ಜನಕ್ಕೆ ಒಬ್ಬರು. ಪವಾಡವೇನಲ್ಲ. ಆದರೆ ಐಬಿಎಸ್‌ಗೆ ಇರುವ ಬೇರೆ ಮದ್ದುಗಳ ಜೊತೆ ಇಟ್ಟು ನೋಡಿದರೆ ತೀರಾ ಕಳಪೆಯೂ ಅಲ್ಲ. ಅಮೆರಿಕದ ಉದರ ತಜ್ಞರ ಸಂಘ 2021ರ ಮಾರ್ಗಸೂಚಿಯಲ್ಲಿ ಇದನ್ನು ಬಳಸಿ ನೋಡಬಹುದು ಎಂದಿದೆ.

ಇನ್ನೊಂದು ಬದಿಯನ್ನೂ ಹೇಳಲೇಬೇಕು. ನೆದರ್ಲೆಂಡ್ಸ್‌ನಲ್ಲಿ 190 ಜನರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಸಣ್ಣ ಕರುಳಿನಲ್ಲಿ ಬಿಚ್ಚಿಕೊಳ್ಳುವ ಕ್ಯಾಪ್ಸೂಲ್ ತೆಗೆದುಕೊಂಡವರಲ್ಲಿ ಶೇ. 47ರಷ್ಟು ಮಂದಿಗೆ ಹೊಟ್ಟೆನೋವು ಇಳಿಯಿತು. ಸುಳ್ಳು ಕ್ಯಾಪ್ಸೂಲ್ ನುಂಗಿದವರಲ್ಲೂ ಶೇ. 34ರಷ್ಟು ಮಂದಿಗೆ ಇಳಿಯಿತು! ಈ ಅಂತರ ಕಾಕತಾಳೀಯ ಅಲ್ಲ ಎಂದು ಖಚಿತವಾಗಿ ಹೇಳುವಷ್ಟು ದೊಡ್ಡದಾಗಿರಲಿಲ್ಲ. ಹೊಟ್ಟೆಗೂ ಮನಸ್ಸಿಗೂ ಇರುವ ನಂಟು ಅಷ್ಟು ಗಟ್ಟಿ. ಮನೆಮದ್ದಿಗೆ ಸಲ್ಲುವ ಶ್ರೇಯದಲ್ಲಿ ಒಂದು ಪಾಲು, ಅದನ್ನು ಅಕ್ಕರೆಯಿಂದ ಮಾಡಿಕೊಟ್ಟವರದ್ದೂ ಹೌದು.

ಕ್ಯಾಪ್ಸೂಲಿನ ಮೇಲೆ ಯಾಕೆ ಜಠರದಲ್ಲಿ ಕರಗದ ಲೇಪ ಹಾಕುತ್ತಾರೆ? ಮೆಂಥಾಲ್‌ಗೆ ಅನೈಚ್ಛಿಕ ಸ್ನಾಯು ಎಲ್ಲಿಯದು ಎಂಬ ಭೇದವಿಲ್ಲ. ಅನ್ನನಾಳದ ತುದಿಯಲ್ಲಿ ಬಿಗಿಯಾಗಿ ಮುಚ್ಚಿಕೊಳ್ಳಬೇಕಾದ ಸ್ನಾಯುವಿನ ಉಂಗುರವನ್ನೂ ಅದು ಸಡಿಲ ಮಾಡುತ್ತದೆ. ಆಗ ಜಠರದ ಆಮ್ಲ ಮೇಲಕ್ಕೆ ಬಂದು ಎದೆಯುರಿ. ಅಸಿಡಿಟಿ ಇರುವವರು ಭರ್ಜರಿ ಊಟದ ಮೇಲೆ ಪೆಪ್ಪರ್‌ಮಿಂಟ್ ಟೀ ಕುಡಿದರೆ ಕೆಲವೊಮ್ಮೆ ಉರಿ ಹೆಚ್ಚಾಗುವುದು ಇದಕ್ಕೇ.

ಮಕ್ಕಳ ಹೊಟ್ಟೆನೋವಿನ ವಿಷಯಕ್ಕೆ ಬಂದರೆ ಸೋಂಪಿಗೆ ಒಂದು ಒಳ್ಳೆಯ ಪುರಾವೆ ಇದೆ. ರಷ್ಯಾದಲ್ಲಿ 125 ಹಸುಗೂಸುಗಳ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸೋಂಪಿನ ಎಣ್ಣೆಯನ್ನು ತೀರಾ ತೆಳುವಾಗಿ ನೀರಿನಲ್ಲಿ ಬೆರೆಸಿ ಕೊಟ್ಟಾಗ ಶೇ. 65 ಮಕ್ಕಳ ಅಳು ಹತೋಟಿಗೆ ಬಂತು. ಬರೀ ತೋರಿಕೆಯ ಮದ್ದು ಕುಡಿದ ಗುಂಪಿನಲ್ಲಿ ಶೇ. 24. ಇದನ್ನು ಓದಿ ಯಾರೂ ಸೋಂಪಿನ ಎಣ್ಣೆ ತರಲು ಓಡಬೇಡಿ. ಆರು ತಿಂಗಳವರೆಗೆ ಎದೆಹಾಲು ಬಿಟ್ಟು ಬೇರೇನೂ ಬೇಡ ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಇನ್ನು ಗ್ರೈಪ್ ವಾಟರ್. 1851ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ವಿಲಿಯಂ ವುಡ್‌ವರ್ಡ್ ತಯಾರಿಸಿದ ಮೂಲ ಮಿಶ್ರಣದಲ್ಲಿ ಸಬ್ಬಸಿಗೆ ಎಣ್ಣೆಯ ಜೊತೆ ಆಲ್ಕೋಹಾಲ್ ಕೂಡ ಇತ್ತು. ಕೂಸು ಸುಮ್ಮನೆ ಮಲಗಿದ್ದರ ಶ್ರೇಯವನ್ನು ಸಬ್ಬಸಿಗೆಯೊಂದಕ್ಕೇ ಕೊಡುವುದು ಕಷ್ಟ.

ಕಾಳು ಬೇರೆ, ಹನಿ ಬೇರೆ

ಇಲ್ಲಿ ಎರಡು ಬಗೆಯ ಎಣ್ಣೆಗಳನ್ನು ಬೇರೆ ಮಾಡಿಕೊಳ್ಳಬೇಕು. ಮಹಾನಾರಾಯಣ ತೈಲ, ಧನ್ವಂತರ ತೈಲದಂಥವು ಎಳ್ಳೆಣ್ಣೆಯಲ್ಲಿ ಬೇರು, ತೊಗಟೆ ಹಾಕಿ ಗಂಟೆಗಟ್ಟಲೆ ಕಾಯಿಸಿದ್ದು. ಅವು ಜಿಡ್ಡು. ಎಸೆನ್ಷಿಯಲ್ ಆಯಿಲ್ ಅಥವಾ ಸುಗಂಧ ತೈಲ ಅನ್ನುವುದು ಎಲೆ, ಕಾಳಿಗೆ ಹಬೆ ಹಾಯಿಸಿ, ಆ ಹಬೆ ತಣಿದಾಗ ಬೇರ್ಪಡಿಸಿ ತೆಗೆದದ್ದು. ಕಾಗದದ ಮೇಲೆ ಒಂದು ಹನಿ ಬಿಟ್ಟರೆ ಸ್ವಲ್ಪ ಹೊತ್ತಿನಲ್ಲಿ ಆರಿಹೋಗುತ್ತದೆ, ಜಿಡ್ಡಿನ ಕಲೆ ಉಳಿಯುವುದಿಲ್ಲ. ಆಯುರ್ವೇದದ ಅಭ್ಯಂಗಕ್ಕೆ ಇರುವ ಹೆಸರನ್ನು ಈ ಪುಟ್ಟ ಬಾಟಲಿಗಳಿಗೆ ಎರವಲು ಕೊಡುವ ಜಾಹೀರಾತುಗಳು ಸುಮಾರಿವೆ. ಎರಡಕ್ಕೂ ಅಂಥ ಸಂಬಂಧವಿಲ್ಲ.

ಮುಖ್ಯ ವ್ಯತ್ಯಾಸ ಪ್ರಮಾಣದ್ದು. ಓಂಕಾಳಿನ ತೂಕದಲ್ಲಿ ಶೇ. 2ರಿಂದ 4ರಷ್ಟು ಸುಗಂಧ ತೈಲ ಇರುತ್ತದೆ, ಅದರಲ್ಲಿ ದೊಡ್ಡ ಪಾಲು ಥೈಮಾಲ್ ಎಂಬ ಅಂಶ. ಒಂದು ಟೀ ಚಮಚ ಕಾಳು ಅಂದರೆ ಸುಮಾರು 2 ಗ್ರಾಂ. ಅಷ್ಟರಲ್ಲಿ ಸಿಗುವ ಎಣ್ಣೆ ಒಂದೆರಡು ಹನಿ. ಲೆಕ್ಕ ತಿರುಗಿಸಿ ನೋಡಿ. 10 ಮಿ.ಲೀ. ಬಾಟಲಿ ತುಂಬಲು ಕಾಲು ಕಿಲೋದಿಂದ ಅರ್ಧ ಕಿಲೋ ಓಂಕಾಳು ಬೇಕು. ಯಾವ ಮನೆಯಲ್ಲೂ ಯಾರೂ ಒಂದೇ ಸಲಕ್ಕೆ ಅಷ್ಟು ಓಂಕಾಳು ತಿಂದಿಲ್ಲ. 'ನಮ್ಮ ಹಿರಿಯರು ಬಳಸಿದ್ದು' ಎಂಬ ವಾದ ಕಾಳಿಗೆ ಸಲ್ಲುತ್ತದೆ, ಹನಿಗೆ ಸಲ್ಲುವುದಿಲ್ಲ.

ನೀಲಗಿರಿ ಎಣ್ಣೆ ವಿಷಯದಲ್ಲಂತೂ ಹಿರಿಯರ ಮಾತು ಅಷ್ಟು ಹಳೆಯದೂ ಅಲ್ಲ. ಆ ಮರ ಆಸ್ಟ್ರೇಲಿಯಾದ್ದು. ಭಾರತದಲ್ಲಿ ಮೊದಲು ನೆಟ್ಟದ್ದು ನಂದಿಬೆಟ್ಟದಲ್ಲಿ, ಟಿಪ್ಪು ಕಾಲದಲ್ಲಿ ಅನ್ನುತ್ತಾರೆ. ನೀಲಗಿರಿ ಬೆಟ್ಟಕ್ಕೆ ಬಂದದ್ದು 1843ರಲ್ಲಿ.

ಸೊಂಟಕ್ಕೆ ತಿಕ್ಕಿದಾಗ ಆಗುವುದೇನು

1992ರಲ್ಲಿ ವಿಯೆನ್ನಾದ ಸಂಶೋಧಕರು ಒಬ್ಬ ವ್ಯಕ್ತಿಯ ಹೊಟ್ಟೆಯ ಮೇಲೆ ಲ್ಯಾವೆಂಡರ್ ಬೆರೆಸಿದ ಎಣ್ಣೆ ತಿಕ್ಕಿ ಅವನ ರಕ್ತ ಪರೀಕ್ಷಿಸಿದರು. ಐದು ನಿಮಿಷದೊಳಗೆ ಲ್ಯಾವೆಂಡರಿನ ಅಂಶ ರಕ್ತದಲ್ಲಿ ಕಾಣಿಸಿಕೊಂಡಿತು, 19ನೇ ನಿಮಿಷಕ್ಕೆ ಅತಿ ಹೆಚ್ಚಿಗೆ ಏರಿತು, ಒಂದೂವರೆ ಗಂಟೆಯಲ್ಲಿ ಹೆಚ್ಚುಕಡಿಮೆ ಮಾಯ. ಚರ್ಮದ ಮೂಲಕ ಎಣ್ಣೆ ಒಳಹೋಗುತ್ತದೆ ಎನ್ನಲು ಇದನ್ನೇ ಎಲ್ಲರೂ ಎತ್ತಿ ತೋರಿಸುತ್ತಾರೆ. ಸರಿ, ಹೋಗುತ್ತದೆ. ಎಷ್ಟು? ಒಂದು ಮಿ.ಲೀ. ರಕ್ತಕ್ಕೆ ಒಂದೊಂದು ಅಂಶವೂ 0.1 ಮೈಕ್ರೋಗ್ರಾಂ ಆಸುಪಾಸು.

ಈಗ ಇನ್ನೊಂದು ಸಂಖ್ಯೆ ನೋಡಿ. 1997ರಲ್ಲಿ ಮಾರಿಯಾ ಲಿಸ್-ಬಾಲ್ಚಿನ್ ಮತ್ತು ಸ್ಟೀಫನ್ ಹಾರ್ಟ್ ಲಂಡನ್ನಿನಲ್ಲಿ ಹಲವು ಸುಗಂಧ ತೈಲಗಳನ್ನು ನೇರ ಸ್ನಾಯುವಿನ ಮೇಲೆ ಪರೀಕ್ಷಿಸಿದರು. ಪ್ರಾಣಿಗಳಿಂದ ತೆಗೆದ ಸ್ನಾಯುವನ್ನು ದ್ರವದಲ್ಲಿ ಮುಳುಗಿಸಿಟ್ಟು, ಅದಕ್ಕೆ ಎಣ್ಣೆ ಬೆರೆಸಿ ನೋಡುವ ಪ್ರಯೋಗ ಇದು. ಅಲ್ಲಿ ಬಳಸಿದ್ದು ಮಿ.ಲೀ.ಗೆ 20ರಿಂದ 200 ಮೈಕ್ರೋಗ್ರಾಂ. ತಿಕ್ಕಿದ ಎಣ್ಣೆಯಿಂದ ರಕ್ತಕ್ಕೆ ಸೇರುವುದು ಅದಕ್ಕಿಂತ ನೂರಾರು ಪಟ್ಟು ಕಡಿಮೆ. ಅಷ್ಟೇ ಆಗಿದ್ದರೆ 'ಇನ್ನೂ ಜಾಸ್ತಿ ಹಚ್ಚೋಣ' ಅನ್ನಬಹುದಿತ್ತು. ಆದರೆ ಅದೇ ಪ್ರಯೋಗದಲ್ಲಿ ಸಬ್ಬಸಿಗೆ, ಸೋಂಪು, ಜಾಯಿಕಾಯಿ ಎಣ್ಣೆಗಳು ಕೋಳಿಮರಿಯ ಕತ್ತಿನ ಐಚ್ಛಿಕ ಸ್ನಾಯುವನ್ನು ಸಡಿಲಿಸುವ ಬದಲು ಬಿಗಿಗೊಳಿಸಿದವು. ಹಸುಗೂಸಿನ ಹೊಟ್ಟೆಗೆ ಹಿತವಾದ ಸೋಂಪು, ಕತ್ತಿನ ಸ್ನಾಯುವಿನಲ್ಲಿ ತದ್ವಿರುದ್ಧ ಕೆಲಸ ಮಾಡುತ್ತದೆ! 'ಸ್ನಾಯು ಸಡಿಲಿಸುವ ಎಣ್ಣೆ' ಅಂತ ಒಂದೇ ಚೀಟಿ ಅಂಟಿಸುವುದು ಎಷ್ಟು ತಪ್ಪು ಎನ್ನಲು ಇದಕ್ಕಿಂತ ಬೇರೆ ಉದಾಹರಣೆ ಬೇಕಾಗಿಲ್ಲ.

ಎಣ್ಣೆಯಿಂದ ಇಡೀ ಮೈ ಸಡಿಲವಾಗುವುದನ್ನು ನೋಡಬೇಕಾದರೆ ಮೀನು ಸಾಕುವವರನ್ನು ಕೇಳಬೇಕು. ಮೀನಿನ ತೂಕ ನೋಡುವಾಗಲೋ ಸಾಗಿಸುವಾಗಲೋ ನೀರಿಗೆ ಸ್ವಲ್ಪ ಲವಂಗದ ಎಣ್ಣೆ ಬೆರೆಸುವುದುಂಟು. ಸ್ವಲ್ಪ ಹೊತ್ತಿನಲ್ಲೇ ಮೀನು ಅಲ್ಲಾಡದೆ ತೇಲುತ್ತದೆ. ಲವಂಗದ ಯೂಜಿನಾಲ್ ಕಿವಿರುಗಳ ಮೂಲಕ ನೇರ ರಕ್ತಕ್ಕೆ ಹೋಗಿ ನರಮಂಡಲವನ್ನೇ ಮಂಕಾಗಿಸುತ್ತದೆ. ನಮ್ಮ ಚರ್ಮ ಕಿವಿರಲ್ಲ, ಅದು ಒಳಗೆ ಬಿಡಬಾರದ್ದನ್ನು ಹೊರಗೇ ತಡೆಯಲು ಇರುವಂಥದ್ದು. ಡಾಕ್ಟರು ಬರೆದುಕೊಡುವ 'ಮಸಲ್ ರಿಲಾಕ್ಸೆಂಟ್' ಮಾತ್ರೆಗಳೂ ಬಹುಪಾಲು ಕೆಲಸ ಮಾಡುವುದು ಮಿದುಳು, ಬೆನ್ನುಹುರಿಯ ಮೇಲೆ, ಸೊಂಟದ ಸ್ನಾಯುವಿನ ಮೇಲಲ್ಲ. ತೂಕಡಿಕೆ ಬರುವುದೂ ಅದಕ್ಕೇ.

ಹಾಗಾದರೆ ಬಾಮ್ ಹಚ್ಚಿದಾಗ ಸಿಗುವ ಸುಖ ಸುಳ್ಳಾ? ಅಲ್ಲ. ಚರ್ಮದ ನರತುದಿಗಳಲ್ಲಿ ತಣ್ಣನೆಯದನ್ನು ಗುರುತಿಸುವ ಒಂದು ಗ್ರಾಹಕವಿದೆ, ಹೆಸರು ಟಿಆರ್‌ಪಿಎಂ8. ಮೆಂಥಾಲ್ ಅದನ್ನು ಮೀಟುತ್ತದೆ. ಚರ್ಮದ ಉಷ್ಣತೆ ಇಳಿಯದಿದ್ದರೂ ಮಿದುಳಿಗೆ ತಂಪು ಎಂಬ ಸುದ್ದಿ ಹೋಗುತ್ತದೆ. 2002ರಲ್ಲಿ ಈ ಗ್ರಾಹಕವನ್ನು ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ ಅವರ ತಂಡಗಳು ಬೇರೆಬೇರೆಯಾಗಿ ಗುರುತಿಸಿದವು. ಬಿಸಿ, ತಣುಪು, ಸ್ಪರ್ಶದ ಗ್ರಾಹಕಗಳ ಮೇಲಿನ ಕೆಲಸಕ್ಕೆ 2021ರ ನೊಬೆಲ್ ಇಬ್ಬರಿಗೂ ಬಂತು. ತಂಪು, ಉರಿ, ತಿಕ್ಕುವ ಕೈಯ ಒತ್ತಡ, ಇವೆಲ್ಲ ಒಟ್ಟಿಗೆ ಬೆನ್ನುಹುರಿಗೆ ಹೋದಾಗ ನೋವಿನ ಸಂದೇಶ ಹಿಂದೆ ಬೀಳುತ್ತದೆ. ನೋವು ಕಡಿಮೆಯಾದರೆ, ಆ ನೋವಿಗೆ ಹೆದರಿ ಬಿಗಿದುಕೊಂಡಿದ್ದ ಸ್ನಾಯುವೂ ಸ್ವಲ್ಪ ಬಿಡುತ್ತದೆ. ಬಿಸಿನೀರಿನ ಶಾಖ ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ನನ್ನ ಅಭಿಪ್ರಾಯ ಕೇಳಿದರೆ, ಇಲ್ಲಿ ಅರ್ಧಕ್ಕಿಂತ ಜಾಸ್ತಿ ಕೆಲಸ ಮಾಡುವುದು ತಿಕ್ಕುವ ಕೈ. ಬರೀ ಎಳ್ಳೆಣ್ಣೆಯಾದರೂ ನಡೆಯುತ್ತದೆ. ದುಬಾರಿ ಲ್ಯಾವೆಂಡರ್ ಬೇಕೆನ್ನುವವರು ಪರಿಮಳಕ್ಕೆ ದುಡ್ಡು ಕೊಡುತ್ತಿದ್ದಾರೆ. ಪರಿಮಳದಿಂದ ಮನಸ್ಸು ತಣಿದರೆ ಅದೂ ಲಾಭವೇ ಅನ್ನಿ.

ಒಳಗೆ ಇಳಿಯುವ ಎಣ್ಣೆಗಳು

ಚರ್ಮ ದಾಟಿ ಚೆನ್ನಾಗಿಯೇ ಒಳಗೆ ಇಳಿಯುವ ಎಣ್ಣೆಯೊಂದಿದೆ, ವಿಂಟರ್‌ಗ್ರೀನ್. ಊಟಿಗೆ ಹೋದವರು ನೀಲಗಿರಿ ಎಣ್ಣೆಯ ಜೊತೆ ಕೀಲುನೋವಿಗೆಂದು ಇದನ್ನೂ ತರುವುದುಂಟು. ಇದರಲ್ಲಿ ಶೇ. 95ಕ್ಕೂ ಹೆಚ್ಚು ಮೀಥೈಲ್ ಸ್ಯಾಲಿಸಿಲೇಟ್, ಅಂದರೆ ಆಸ್ಪಿರಿನ್‌ನ ಹತ್ತಿರದ ಸಂಬಂಧಿ. ನೋವಿಗೆ ಕೆಲಸ ಮಾಡುತ್ತದೆ, ಸ್ನಾಯು ಸಡಿಲಿಸಿ ಅಲ್ಲ, ಉರಿಯೂತ ತಗ್ಗಿಸಿ. ಆದರೆ 5 ಮಿ.ಲೀ. ವಿಂಟರ್‌ಗ್ರೀನ್ ಎಣ್ಣೆ ಹೊಟ್ಟೆಗೆ ಹೋದರೆ 325 ಮಿ.ಗ್ರಾಂನ ಇಪ್ಪತ್ತಕ್ಕೂ ಹೆಚ್ಚು ಆಸ್ಪಿರಿನ್ ಮಾತ್ರೆ ನುಂಗಿದ ಹಾಗೆ. ಹಚ್ಚುವುದರಲ್ಲೂ ಅತಿಯಾದರೆ ಅಪಾಯವೇ. 2007ರಲ್ಲಿ ನ್ಯೂಯಾರ್ಕಿನ 17 ವರ್ಷದ ಓಟಗಾರ್ತಿಯೊಬ್ಬಳು ಸತ್ತಾಗ, ನೋವಿನ ಕ್ರೀಮುಗಳ ಅತಿಬಳಕೆಯಿಂದ ಮೈಯಲ್ಲಿ ಸೇರಿಕೊಂಡ ಮೀಥೈಲ್ ಸ್ಯಾಲಿಸಿಲೇಟೇ ಕಾರಣ ಎಂದು ಮರಣೋತ್ತರ ಪರೀಕ್ಷೆ ಹೇಳಿತು. ರಕ್ತ ಹೆಪ್ಪುಗಟ್ಟದಿರಲು ವಾರ್ಫರಿನ್ ತೆಗೆದುಕೊಳ್ಳುವವರು ಇಂಥ ಮುಲಾಮನ್ನು ಡಾಕ್ಟರನ್ನು ಕೇಳದೆ ಹಚ್ಚಬಾರದು.

ಕರ್ಪೂರದ ಕಥೆ ನಮಗೆ ಇನ್ನೂ ಹತ್ತಿರದ್ದು. ಕೆಮ್ಮು, ಕಫ ಅಂದರೆ ತೆಂಗಿನೆಣ್ಣೆಗೆ ಕರ್ಪೂರ ಹಾಕಿ ಬೆಚ್ಚಗೆ ಮಾಡಿ ಮಗುವಿನ ಎದೆಗೆ ಹಚ್ಚುವುದು ಎಷ್ಟೋ ಮನೆಗಳಲ್ಲಿ ಇದೆ. ಅಮೆರಿಕದಲ್ಲಿಯೂ ಹತ್ತಿಬೀಜದ ಎಣ್ಣೆಯಲ್ಲಿ ಶೇ. 20 ಕರ್ಪೂರ ಬೆರೆಸಿದ ಇಂಥದ್ದೇ ಎಣ್ಣೆ ಮಾರುತ್ತಿದ್ದರು. ಮಕ್ಕಳು ಅದನ್ನು ಕುಡಿದು ಫಿಟ್ಸ್ ಬಂದ, ಸತ್ತ ಪ್ರಕರಣಗಳು ಹೆಚ್ಚಿದ ಮೇಲೆ 1980ರ ದಶಕದ ಆರಂಭದಲ್ಲಿ ಅದನ್ನು ನಿಷೇಧಿಸಿ, ಹಚ್ಚುವ ಔಷಧಿಗಳಲ್ಲಿ ಕರ್ಪೂರ ಶೇ. 11 ಮೀರಬಾರದು ಎಂದು ಮಿತಿ ಹಾಕಿದರು. ನಮ್ಮಲ್ಲಿ ಮನೆಯಲ್ಲೇ ಬೆರೆಸುವಾಗ ಈ ಅಳತೆಯನ್ನು ನೋಡುವವರು ಯಾರು? ಜೊತೆಗೆ ಪೂಜೆಯ ಕರ್ಪೂರ ಬಹುಪಾಲು ಟರ್ಪೆಂಟೈನ್‌ನಿಂದ ಕಾರ್ಖಾನೆಯಲ್ಲಿ ತಯಾರಾದದ್ದು, ಔಷಧಿಗೆಂದು ಮಾಡಿದ್ದಲ್ಲ.

ದೊಡ್ಡವರೂ ಇದರಿಂದ ಹೊರತಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ನರರೋಗ ತಜ್ಞರು ದಕ್ಷಿಣ ಭಾರತದ ಇತರ ಆಸ್ಪತ್ರೆಗಳ ಜೊತೆ ಸೇರಿ ನಡೆಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಸಾಕ್ಷಿ. ಫಿಟ್ಸ್ ಬಂದ 350 ವಯಸ್ಕರಲ್ಲಿ 55 ಮಂದಿಯ ಫಿಟ್ಸಿಗೂ ನೀಲಗಿರಿ ಎಣ್ಣೆ ಅಥವಾ ಕರ್ಪೂರ ಇರುವ ಬಾಮು, ಎಣ್ಣೆಗಳ ಬಳಕೆಗೂ ನಂಟು ಕಂಡುಬಂತು. ಕೆಲವರಿಗೆ ಅದಕ್ಕೂ ಮೊದಲು ಯಾವತ್ತೂ ಫಿಟ್ಸ್ ಬಂದಿರಲಿಲ್ಲ. ಸ್ನಾಯು ಸಡಿಲವಾಗಲಿ ಅಂತ ಹಚ್ಚಿದ್ದು, ಮಿದುಳನ್ನು ಕೆರಳಿಸಿ ಇಡೀ ಮೈಯನ್ನೇ ಸೆಟೆಸಬಹುದು.

ಎರಡು ವರ್ಷದೊಳಗಿನ ಮಕ್ಕಳ ಮೂಗಿನ ಬಳಿ ಮೆಂಥಾಲ್, ಕರ್ಪೂರ ಇರುವ ಏನನ್ನೂ ಹಚ್ಚಬಾರದು. ದೊಡ್ಡವರಿಗೆ ಉಸಿರು ಹಗುರವಾದಂತೆ ಅನ್ನಿಸುವ ಅದೇ ಮೆಂಥಾಲ್, ಕೂಸಿನ ಮೂಗಿಗೆ ನೇರವಾಗಿ ತಾಗಿದರೆ ಗಂಟಲಿನ ಸ್ನಾಯು ಥಟ್ಟನೆ ಬಿಗಿದು ಉಸಿರು ಕಟ್ಟಬಹುದು. ಬಾಟಲಿಯ ಮೇಲೆ ಇದನ್ನು ಬರೆದಿರುತ್ತಾರೆ, ಆದರೆ ಭೂತಗನ್ನಡಿ ಹಿಡಿದು ಓದಬೇಕಾದಷ್ಟು ಸಣ್ಣ ಅಕ್ಷರದಲ್ಲಿ.

ಫಿಟ್ಸ್ ಇರುವವರಿಗೂ ಅವರ ಮನೆಯವರಿಗೂ ಒಂದು ಮಾತು. ಡಾಕ್ಟರು 'ಏನೇನು ತಗೊಳ್ತೀರಿ?' ಅಂದಾಗ ನಾವು ಮಾತ್ರೆಗಳ ಹೆಸರನ್ನಷ್ಟೇ ಹೇಳುತ್ತೇವೆ. ದಿನಾ ರಾತ್ರಿ ಹಣೆಗೆ ತಿಕ್ಕುವ ಬಾಮ್, ದಿಂಬಿನ ಮೇಲೆ ಚಿಮುಕಿಸುವ ನೀಲಗಿರಿ ಎಣ್ಣೆ, ಕರ್ಪೂರದ ಹಬೆ, ಇವೂ ಆ ಪಟ್ಟಿಯಲ್ಲಿ ಇರಲಿ. ಮುಂದಿನ ಸಲ ಹೋದಾಗ ಬಾಟಲಿಯನ್ನೇ ತೆಗೆದುಕೊಂಡು ಹೋಗಿ ತೋರಿಸಿ.